ಅರ್ಥ ಬಂತು, ಪದ ಬರಲಿಲ್ಲ

ಕೆಲಸಕ್ಕೆ ಸೇರಿದ ಎರಡನೇ ವರ್ಷ, ನಮ್ಮ ವಿಭಾಗದ ಆರು ಜನರ ಪರವಾಗಿ ಮೇಲಧಿಕಾರಿಗೆ ಇ-ಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೇಳಬೇಕಾಗಿದ್ದದ್ದು ಸಣ್ಣ ವಿಷಯ: ತಿಂಗಳ ಕೊನೆಯ ವರದಿ ಒಪ್ಪಿಸಲು ಎರಡು ದಿನ ಹೆಚ್ಚಿಗೆ ಬೇಕು. ‘ವಿ ಡಿಮಾಂಡ್ ಟೂ ಮೋರ್ ಡೇಸ್’ ಎಂದು ಬರೆದೆ. ಎರಡು ಸಲ ಓದಿದೆ, ಕಾಗುಣಿತ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಕಳಿಸಿದೆ. ಅರ್ಧ ಗಂಟೆಯೊಳಗೆ ಕರೆ ಬಂತು.

“ಇದು ನೀವೇ ಬರೆದದ್ದಾ?”

“ಹೌದು ಮೇಡಂ.”

“ನಿಮಗೆಲ್ಲ ಏನಾದ್ರೂ ಬೇಜಾರಾಗಿದೆಯಾ?”

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಪರದೆಯ ಮೇಲೆ ಆ ಪದ ತೋರಿಸಿ ಮೆಲ್ಲಗೆ ಹೇಳಿದರು: “ಡಿಮಾಂಡ್ ಅಂದ್ರೆ ಪಟ್ಟು ಹಿಡಿದು ಕೇಳೋದು. ಕೊಡದಿದ್ರೆ ಸುಮ್ನಿರಲ್ಲ ಅನ್ನೋ ದನಿ ಅದರಲ್ಲಿದೆ. ನಿಮಗೆ ಬೇಕಾಗಿದ್ದ ಪದ ರಿಕ್ವೆಸ್ಟ್.” ಕೇಳಿದ ಎರಡು ದಿನ ಸಿಕ್ಕಿತು. ಆದರೆ ಆ ಸಂಜೆ ಮನೆಗೆ ಬಂದು ನನ್ನ ಪದಗಳ ಪುಸ್ತಕ ತೆರೆದು ನೋಡಿದಾಗ ಅಲ್ಲಿ ನನ್ನದೇ ಅಕ್ಷರದಲ್ಲಿ ‘ಡಿಮಾಂಡ್ – ಬೇಡಿಕೆ’ ಎಂದಿತ್ತು. ಅರ್ಥ ತಪ್ಪೇನೂ ಅಲ್ಲ, ಯಾವ ನಿಘಂಟು ತೆಗೆದರೂ ಅದೇ ಸಿಗುತ್ತದೆ. ಆದರೆ ‘ಬೇಡಿಕೆ’ಯ ಬೇರಿನಲ್ಲಿ ‘ಬೇಡು’ ಇದೆ, ಕೈಯೊಡ್ಡಿ ನಿಂತವನ ದನಿ ಇದೆ. ನಾನು ಆ ದನಿಯನ್ನು ಕನ್ನಡದಿಂದ ಎತ್ತಿಕೊಂಡು ಹೋಗಿ ಇಂಗ್ಲಿಷ್ ಪದದೊಳಗೆ ಇಟ್ಟುಬಿಟ್ಟಿದ್ದೆ. (ಫ್ರೆಂಚಿನಲ್ಲಿ ಇದೇ ಮೂಲದ ಕ್ರಿಯಾಪದಕ್ಕೆ ಬರೀ ‘ಕೇಳು’ ಎಂದರ್ಥವಂತೆ ಎಂದು ಆಮೇಲೆ ಓದಿದೆ. ಇಂಗ್ಲಿಷಿನ ಮನೆಗೆ ಬಂದಮೇಲೆ ಆ ಪದ ಬಿಗಿಯಾಗಿದೆ.)

ಆ ಪುಸ್ತಕದ ಬಗ್ಗೆ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಓದಿದರೆ ಮುಕ್ಕಾಲು ಪಾಲು ತಿಳಿಯುತ್ತಿತ್ತು, ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಪದಗಳು ಸಾಲದು ಎಂದುಕೊಂಡೆ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರೆದುಕೊಂಡು ದಿನಕ್ಕೆ ಇಪ್ಪತ್ತು ಪದ ಉರು ಹೊಡೆದೆ. ಮೂರು ತಿಂಗಳಲ್ಲಿ ಪುಸ್ತಕದಲ್ಲಿ ಸಾವಿರದ ಎಂಟುನೂರರಷ್ಟು ಪದಗಳಿದ್ದವು. ಕೇಳಿದರೆ ಅರ್ಥ ಹೇಳುತ್ತಿದ್ದೆ. ಆದರೆ ಬರೆಯುವಾಗ ಅವುಗಳಲ್ಲಿ ಒಂದೂ ತಾನಾಗಿ ಮುಂದೆ ಬರುತ್ತಿರಲಿಲ್ಲ, ಬಲವಂತಕ್ಕೆ ಎಳೆತಂದರೆ ‘ಡಿಮಾಂಡ್’ನಂತೆ ಕೈಕೊಡುತ್ತಿತ್ತು.

ಇ-ಮೇಲ್ ಪ್ರಸಂಗದ ನಂತರ ಆ ಪಟ್ಟಿಯನ್ನೇ ಅನುಮಾನದಿಂದ ನೋಡತೊಡಗಿದೆ. ಅನುಮಾನ ಎಂಬ ಪದವೇ ನನಗೆ ದೊಡ್ಡ ಪಾಠ ಕಲಿಸಿತು. ಪಟ್ಟಿಯಲ್ಲಿ ‘ಡೌಟ್ – ಅನುಮಾನ’ ಎಂದಿತ್ತು. ನಾಲ್ಕು ಪುಟ ಮುಂದೆ ‘ಸಸ್ಪೆಕ್ಟ್ – ಅನುಮಾನಿಸು’ ಎಂದಿತ್ತು. ಎರಡೂ ಒಂದೇ ಎಂದು ನಂಬಿದ್ದೆ. ವಾಕ್ಯದಲ್ಲಿಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ‘ಐ ಡೌಟ್ ಹಿ ಟುಕ್ ಇಟ್’ ಎಂದರೆ ಅವನು ತೆಗೆದುಕೊಂಡಿರಲಿಕ್ಕಿಲ್ಲ ಎಂದು. ‘ಐ ಸಸ್ಪೆಕ್ಟ್ ಹಿ ಟುಕ್ ಇಟ್’ ಎಂದರೆ ಅವನೇ ತೆಗೆದುಕೊಂಡಿರಬೇಕು ಎಂದು. ಒಂದು ಅವನನ್ನು ಬಿಡಿಸುತ್ತದೆ, ಇನ್ನೊಂದು ಸಿಕ್ಕಿಸುತ್ತದೆ. ಕನ್ನಡದಲ್ಲಿ ‘ಅವನು ತೆಗೆದುಕೊಂಡದ್ದು ಅನುಮಾನ’, ‘ಅವನೇ ತೆಗೆದುಕೊಂಡ ಅಂತ ಅನುಮಾನ’ ಎನ್ನುತ್ತೇವೆ. ಪದ ಒಂದೇ, ವ್ಯತ್ಯಾಸವನ್ನೆಲ್ಲ ವಾಕ್ಯದ ಕಟ್ಟು ಹೊರುತ್ತದೆ. ಇಂಗ್ಲಿಷ್ ಆ ಹೊರೆಯನ್ನು ಎರಡು ಪದಗಳಿಗೆ ಹಂಚಿದೆ. ಒಂದು ಪದಕ್ಕೆ ಒಂದು ಪದ ಎಂದು ಗೆರೆ ಎಳೆದ ನನ್ನ ಪುಟಕ್ಕೆ ಇದನ್ನು ಹಿಡಿಯುವ ಶಕ್ತಿ ಇರಲಿಲ್ಲ.

ತಿರುಗುಮುರುಗಾಗಿಯೂ ನೋಡಿದೆ. ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕನ್ನಡಕ ಹಾಕಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ವೇರ್’ ಸಾಕು. ಅಷ್ಟೇ ಅಲ್ಲ, ಮುಖದ ಮೇಲಿನ ಮುಗುಳುನಗೆಗೂ ಮೈಮೇಲಿನ ಸುಗಂಧಕ್ಕೂ ಅದೇ ‘ವೇರ್’. ಎರಡು ಭಾಷೆಗಳು ಲೋಕವನ್ನು ಬೇರೆ ಬೇರೆ ಕಡೆ ಕತ್ತರಿಸಿಕೊಂಡಿವೆ. ಇದು ತಿಳಿದ ಮೇಲೆ ಪಟ್ಟಿಯ ಪುಸ್ತಕವನ್ನು ಮುಚ್ಚಿಟ್ಟೆ.

ಮುಂದಿನ ಹೆಜ್ಜೆ ನಿಘಂಟು ಬದಲಿಸಿದ್ದು. ಅದುವರೆಗೆ ಇಂಗ್ಲಿಷ್–ಕನ್ನಡ ನಿಘಂಟು ಮಾತ್ರ ಬಳಸುತ್ತಿದ್ದೆ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳಿವೆ ಎಂದು ಗೊತ್ತಾದದ್ದು ತಡವಾಗಿ. ಇಂಥ ನಿಘಂಟುಗಳಿಗೆ ದಾರಿ ಹಾಕಿದವರಲ್ಲಿ ಎ. ಎಸ್. ಹಾರ್ನ್‌ಬಿ ಪ್ರಮುಖರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಮತ್ತು ಸಂಗಡಿಗರು, ಕಲಿಯುವವನಿಗೆ ಅರ್ಥದ ಜೊತೆಗೆ ಆ ಪದ ವಾಕ್ಯದಲ್ಲಿ ಹೇಗೆ ಕೂರುತ್ತದೆ ಎಂಬುದೂ ಬೇಕು ಎಂದು ಕಂಡುಕೊಂಡು ರಚಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಹೊರಬಂತು. 1978ರ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥಗಳನ್ನೂ ಸುಮಾರು 2000 ಸರಳ ಪದಗಳಲ್ಲೇ ವಿವರಿಸಿತು. ಅಷ್ಟು ಪದ ಬಂದವನಿಗೆ ಉಳಿದ ನಿಘಂಟಿನ ಬಾಗಿಲು ತೆರೆದಂತೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ತಂಡ ಜನ ನಿಜವಾಗಿ ಬರೆದ, ಆಡಿದ ಲಕ್ಷಾಂತರ ಪದಗಳನ್ನು ಕಂಪ್ಯೂಟರಿಗೆ ತುಂಬಿಸಿ, ಅದನ್ನು ನೋಡಿಕೊಂಡು ಕೋಬಿಲ್ಡ್ ನಿಘಂಟನ್ನು 1987ರಲ್ಲಿ ತಂದಿತು. ಅದರಲ್ಲಿ ಅರ್ಥವನ್ನೂ ಪೂರ್ತಿ ವಾಕ್ಯದಲ್ಲೇ ಹೇಳುತ್ತಾರೆ: ‘ಯಾರಾದರೂ ಹೀಗಿದ್ದಾರೆ ಎಂದರೆ ಅವರು ಹೀಗೆ ಮಾಡುತ್ತಾರೆ’ ಎಂಬ ಧಾಟಿ. ಮನೆಯಲ್ಲಿ ಹಿರಿಯರು ಪದ ವಿವರಿಸುವುದೂ ಹೀಗೇ ಅಲ್ಲವೆ? ನನಗೆ ಆ ಧಾಟಿ ತುಂಬ ಹಿಡಿಸಿತು.

ಆ ನಿಘಂಟಿನಲ್ಲಿ ನಾನು ಮೊದಲು ತೆಗೆದು ನೋಡಿದ ಪದ ‘ರಿಲಕ್ಟಂಟ್’. ನನ್ನ ಪಟ್ಟಿಯಲ್ಲಿ ಅದಕ್ಕೆ ‘ಇಷ್ಟವಿಲ್ಲದ’ ಎಂದಿತ್ತು, ಅದನ್ನು ನಂಬಿ ‘ಈ ಬಣ್ಣ ನನಗೆ ಇಷ್ಟವಿಲ್ಲ’ ಎನ್ನುವುದಕ್ಕೂ ಬಳಸಿಬಿಟ್ಟಿದ್ದೆ. ನಿಘಂಟಿನ ಉದಾಹರಣೆಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಕಂಡಿತು. ಯಾರೂ ವಸ್ತುವಿನ ಬಗ್ಗೆ ರಿಲಕ್ಟಂಟ್ ಆಗುವುದಿಲ್ಲ, ಒಂದು ಕೆಲಸ ಮಾಡುವುದಕ್ಕೆ ಆಗುತ್ತಾರೆ. ಪದದ ಬೆನ್ನಿಗೆ ‘ಟು’ ಬರುತ್ತದೆ, ಅದರ ಬೆನ್ನಿಗೆ ಕ್ರಿಯಾಪದ ಬರುತ್ತದೆ. ಒಂದು ಸಾಲಿನ ಅರ್ಥ ಇದನ್ನು ಎಂದೂ ಹೇಳುತ್ತಿರಲಿಲ್ಲ.

ಅಂದಿನಿಂದ ಪ್ರತಿ ಪದಕ್ಕೂ ನನ್ನದೇ ಒಂದು ವಾಕ್ಯ ಬರೆಯುವ ನಿಯಮ ಹಾಕಿಕೊಂಡೆ. ಹೊಸ ಪುಸ್ತಕ, ಹೊಸ ಹುರುಪು. ತಿಂಗಳು ಕಳೆಯುವಷ್ಟರಲ್ಲಿ ಅದೂ ನಿಂತ ನೀರಾಯಿತು. ಯಾಕೆ ಎಂದು ತೋರಿಸಿಕೊಟ್ಟವಳು ಅಕ್ಕನ ಮಗಳು. ಆಗ ಅವಳು ಪದವಿ ಓದುತ್ತಿದ್ದಳು, ಕೈಗೆ ಸಿಕ್ಕಿದ ಇಂಗ್ಲಿಷ್ ಪುಸ್ತಕವನ್ನೆಲ್ಲ ಓದುವ ಹುಡುಗಿ. ರಜೆಗೆ ಬಂದವಳು ನನ್ನ ಪುಸ್ತಕ ತಿರುವಿ ಹಾಕಿ, ‘ಶಿ ಈಸ್ ರಿಲಕ್ಟಂಟ್’ ಎಂಬ ವಾಕ್ಯದ ಕೊನೆಯ ಪದದ ಮೇಲೆ ಬೆರಳಿಟ್ಟು ಮುಚ್ಚಿದಳು.

“ಮಾಮ, ಇಲ್ಲಿ ಹ್ಯಾಪಿ ಅಂತ ಹಾಕಿದ್ರೂ ಕೂರತ್ತೆ. ಟಾಲ್ ಅಂತ ಹಾಕಿದ್ರೂ ಕೂರತ್ತೆ.”

“ವ್ಯಾಕರಣ ಸರಿ ಇದೆಯಲ್ಲ?”

“ಸರಿ ಇದೆ. ಆದ್ರೆ ಈ ವಾಕ್ಯಕ್ಕೆ ನಿನ್ನ ಪದಾನೇ ಬೇಕು ಅಂತ ಏನಿದೆ? ಪದ ಮುಚ್ಚಿದ್ರೆ ಓದೋರಿಗೆ ಅದೇ ಪದ ಹೊಳೀಬೇಕು.”

ಅವಳು ಹೋಗಿ ಕಾಫಿ ಮಾಡಿಕೊಂಡು ಬರುವಷ್ಟು ಹೊತ್ತೂ ನಾನು ಆ ಪುಟವನ್ನೇ ನೋಡುತ್ತ ಕೂತಿದ್ದೆ. ನೂರಿಪ್ಪತ್ತು ವಾಕ್ಯ ಬರೆದಿದ್ದೆ, ಅದರಲ್ಲಿ ನೂರು ಹೀಗೇ ಟೊಳ್ಳು. ಪದ ಅಲ್ಲಿ ಕೂತಿತ್ತು, ಅಷ್ಟೆ. ಕೆಲಸ ಮಾಡುತ್ತಿರಲಿಲ್ಲ.

ಆ ರಾತ್ರಿ ‘ರಿಲಕ್ಟಂಟ್’ಗೆ ಬೇರೆ ವಾಕ್ಯ ಹುಡುಕಿದೆ. ಅಮ್ಮ ನಮ್ಮ ಹಳೇ ಮನೆ ಮಾರಿದ ದಿನ ನೆನಪಾಯಿತು. ಪತ್ರ ಮುಂದಿಟ್ಟಾಗ ಪೆನ್ನು ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು, ಆಮೇಲೆ ಸಹಿ ಹಾಕಿದಳು. ‘ಮೈ ಮದರ್ ವಾಸ್ ರಿಲಕ್ಟಂಟ್ ಟು ಸೆಲ್ ದಿ ಓಲ್ಡ್ ಹೌಸ್, ಬಟ್ ಇನ್ ದಿ ಎಂಡ್ ಶಿ ಸೈನ್ಡ್ ದಿ ಪೇಪರ್ಸ್.’ ಬರೆದು ಮುಗಿಸುತ್ತಿದ್ದಂತೆ ಕನ್ನಡದ್ದೂ ತಾನಾಗಿ ಬಂತು: ಒಲ್ಲದ ಮನಸ್ಸಿನಿಂದ. ಅಮ್ಮ ಒಲ್ಲದ ಮನಸ್ಸಿನಿಂದ ಸಹಿ ಹಾಕಿದಳು. ‘ಇಷ್ಟವಿಲ್ಲದ’ ಎಂಬ ಬೋಳು ಅರ್ಥದ ಜಾಗದಲ್ಲಿ ಎಷ್ಟು ತುಂಬಿದ ಮಾತು! ಈ ನುಡಿಗಟ್ಟು ನನ್ನ ಬಾಯಲ್ಲಿ ಹುಟ್ಟಿನಿಂದ ಇತ್ತು. ಅದನ್ನು ಇಂಗ್ಲಿಷ್ ಪದದ ಪಕ್ಕ ತಂದು ನಿಲ್ಲಿಸಲು ಒಂದು ನಿಜವಾದ ಸಂದರ್ಭ ಬೇಕಾಗಿತ್ತು.

ಮರುದಿನ ಅವಳಿಗೆ ಪದ ಮುಚ್ಚಿ ತೋರಿಸಿದೆ. “ಅನ್‌ವಿಲಿಂಗ್?” ಎಂದಳು. ಹತ್ತಿರ ಬಂದಿದ್ದಳು. ಎರಡಕ್ಕೂ ಏನು ವ್ಯತ್ಯಾಸ ಎಂದು ಇಬ್ಬರೂ ಕೂತು ಉದಾಹರಣೆಗಳನ್ನು ನೋಡಿದೆವು. ಅನ್‌ವಿಲಿಂಗ್ ಎಂದವನು ಸಾಮಾನ್ಯವಾಗಿ ಒಪ್ಪುವುದೇ ಇಲ್ಲ. ರಿಲಕ್ಟಂಟ್ ಆದವನು ಹಿಂದೆಮುಂದೆ ನೋಡಿ ಕೊನೆಗೆ ಮಾಡಲೂಬಹುದು. ಅಮ್ಮನ ಸಹಿಯೇ ಆ ವ್ಯತ್ಯಾಸ. ಆ ಒಂದು ಪದಕ್ಕೆ ನಾವು ಖರ್ಚು ಮಾಡಿದ ಮುಕ್ಕಾಲು ಗಂಟೆ, ನನ್ನ ಮೂರು ತಿಂಗಳ ಉರು ಹೊಡೆಯುವಿಕೆಗಿಂತ ಹೆಚ್ಚು ಕೊಟ್ಟಿತು ಎಂದು ಈಗಲೂ ನಂಬುತ್ತೇನೆ.

ಉದಾಹರಣೆಗಳನ್ನು ಗಮನವಿಟ್ಟು ಓದತೊಡಗಿದ ಮೇಲೆ ಪದಗಳ ಸಹವಾಸ ಕಣ್ಣಿಗೆ ಬೀಳತೊಡಗಿತು. ಪದವನ್ನು ಅದು ಯಾರ ಜೊತೆ ಓಡಾಡುತ್ತದೆ ಎಂಬುದರಿಂದ ಅರಿಯಬೇಕು ಎಂಬ ಅರ್ಥದ ಮಾತನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದರು. ನನಗೆ ಅದು ಅರಿವಾದದ್ದು ‘ಕಾಸ್’ ಎಂಬ ಪದದಿಂದ. ಕಾರಣವಾಗು, ಉಂಟುಮಾಡು ಎಂದು ಅದರ ಅರ್ಥ. ಒಬ್ಬರಿಗೆ ಬರೆದ ಧನ್ಯವಾದದಲ್ಲಿ ‘ನಿಮ್ಮ ಭೇಟಿ ನಮಗೆ ಸಂತೋಷ ಉಂಟುಮಾಡಿತು’ ಎನ್ನಲು ಈ ಪದ ಬಳಸಿದ್ದೆ. ನಿಘಂಟಿನ ಉದಾಹರಣೆ ನೋಡಿದರೆ ಅದರ ಬಲಗಡೆ ಬರುವುದೆಲ್ಲ ತೊಂದರೆ, ಹಾನಿ, ನೋವು, ವಿಳಂಬ, ಸಾವು. ಅರ್ಥದಲ್ಲಿ ಕೇಡಿನ ಸುಳಿವಿಲ್ಲ, ಸಹವಾಸವೆಲ್ಲ ಕೇಡಿನದೇ.

ಇದು ವಿಚಿತ್ರ ಎನಿಸಿದವರು ನಮ್ಮ ‘ಈಡಾಗು’ವನ್ನು ನೆನೆದುಕೊಳ್ಳಿ. ಟೀಕೆಗೆ ಈಡಾಗುತ್ತೇವೆ, ಅಪಘಾತಕ್ಕೆ ಈಡಾಗುತ್ತೇವೆ, ಮುಜುಗರಕ್ಕೆ ಈಡಾಗುತ್ತೇವೆ. ಮೆಚ್ಚುಗೆಗೆ? ಮೆಚ್ಚುಗೆಗೆ ಪಾತ್ರರಾಗುತ್ತೇವೆ. ಯಾರಾದರೂ ‘ಅವರು ಪ್ರಶಸ್ತಿಗೆ ಈಡಾದರು’ ಎಂದರೆ ಕನ್ನಡದ ಕಿವಿ ತಕ್ಷಣ ನಿಮಿರುತ್ತದೆ. ಇದನ್ನು ನಮಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ, ಸಾವಿರ ಸಲ ಕೇಳಿ ಬಂತು. ಇಂಗ್ಲಿಷಿನಲ್ಲಿ ಆ ಸಾವಿರ ಸಲ ನಮಗೆ ಸಿಕ್ಕಿಲ್ಲ, ಆದ್ದರಿಂದ ಒಳ್ಳೆಯ ಉದಾಹರಣೆಗಳನ್ನು ಹುಡುಕಿ ಓದಬೇಕು. ಅಂದಿನಿಂದ ನನ್ನ ಪುಸ್ತಕದಲ್ಲಿ ಬಿಡಿ ಪದ ಬರೆಯುವುದನ್ನು ಬಿಟ್ಟು ಜೋಡಿಯಾಗಿ ಬರೆಯಲು ಶುರುಮಾಡಿದೆ. ಮಳೆ ಜೋರಾದರೆ ‘ಹೆವಿ’, ಗಾಳಿ ಜೋರಾದರೆ ‘ಸ್ಟ್ರಾಂಗ್’. ತಪ್ಪನ್ನು ‘ಮೇಕ್’ ಮಾಡುತ್ತಾರೆ, ಅಪರಾಧವನ್ನು ‘ಕಮಿಟ್’ ಮಾಡುತ್ತಾರೆ. ಕನ್ನಡದಲ್ಲಿ ಎರಡೂ ‘ಮಾಡು’ವೇ.

ಪದಗಳ ಆಯ್ಕೆಯಲ್ಲೂ ದಾರಿ ತಪ್ಪಿದ್ದೆ. ‘ಲೊಕ್ವೇಷಸ್’ ಎಂದರೆ ವಾಚಾಳಿ ಎಂದು ಗೊತ್ತಿತ್ತು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳು ಎಂದು ಗೊತ್ತಿರಲಿಲ್ಲ. ಮೊದಲನೆಯದನ್ನು ಈ ಐದು ವರ್ಷದಲ್ಲಿ ಒಂದೆರಡು ಕಡೆ ಓದಿರಬಹುದು, ಎರಡನೆಯದು ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಬಂಗಾಳದಲ್ಲಿ ಇಂಗ್ಲಿಷ್ ಕಲಿಸಿದ್ದ ಮೈಕೇಲ್ ವೆಸ್ಟ್ 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದರು. ಪಠ್ಯ, ಲೇಖನಗಳ ಭಾಷೆಗೆ ಬೇಕಾದ 570 ಪದಕುಟುಂಬಗಳ (ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪುಗಳ) ಪಟ್ಟಿಯನ್ನು ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಕೊಟ್ಟರು. ಈ ಎರಡನ್ನೂ ಪೆನ್ಸಿಲ್ ಹಿಡಿದು ನೋಡಿದೆ. ಪ್ರತಿ ಪದಕ್ಕೂ ‘ಅರ್ಥ ಗೊತ್ತೇ’ ಎಂದು ಕೇಳದೆ ‘ಇದನ್ನಿಟ್ಟು ಈಗಲೇ ಒಂದು ವಾಕ್ಯ ಬರೆಯಬಲ್ಲೆನೆ’ ಎಂದು ಕೇಳಿಕೊಂಡೆ. ಎರಡನೆಯ ಪಟ್ಟಿಯಲ್ಲಿ ಅರ್ಧದಷ್ಟು ಪದಗಳ ಮುಂದೆ ಗುರುತು ಹಾಕಲಾಗಲಿಲ್ಲ. ಓದಿದರೆ ಎಲ್ಲ ಗೊತ್ತಿದ್ದ ಪದಗಳೇ.

‘ಪುಟ್ ಅಪ್ ವಿತ್’ನಂಥ ಜೋಡುಪದಗಳು ಇಂಗ್ಲಿಷ್ ಕಲಿಯುವವರನ್ನು ಹೈರಾಣಾಗಿಸುತ್ತವೆ ಎನ್ನುತ್ತಾರೆ. ನನಗೆ ಕನ್ನಡ ನೆರವಿಗೆ ಬಂತು. ಮಾಡಿಬಿಡು, ಮಾಡಿಕೊಡು, ಮಾಡಿಕೋ, ಮಾಡಿನೋಡು, ಮಾಡಿಹಾಕು: ಬಾಲದಲ್ಲಿ ಸಣ್ಣದೊಂದು ಪದ ಸೇರಿ ಕ್ರಿಯೆಯ ಮುಖವೇ ತಿರುಗುವುದು ನಮಗೆ ಹೊಸದಲ್ಲ. ‘ಈಟ್ ಅಪ್’ ಎಂಬಲ್ಲಿ ‘ಅಪ್’ ಯಾಕೆ ಎಂದು ತಲೆ ಕೆಡಿಸಿಕೊಂಡಿದ್ದವನಿಗೆ, ಅದು ನಮ್ಮ ‘ತಿಂದುಬಿಡು’ವಿನ ‘ಬಿಡು’ ಇದ್ದಹಾಗೆ ಎಂದು ಹೊಳೆದದ್ದೇ ಗಂಟು ಬಿಚ್ಚಿತು. ಪೂರ್ತಿಯಾಯಿತು, ಮುಗಿಯಿತು ಎಂಬ ಭಾವ. ‘ಯೂಸ್ ಅಪ್’, ‘ಡ್ರಿಂಕ್ ಅಪ್’ ಎಲ್ಲ ಅದೇ ಸಾಲು. ಎಲ್ಲ ‘ಅಪ್’ಗಳೂ ಹೀಗಲ್ಲ, ಆದರೆ ಒಂದು ಗುಂಪಾದರೂ ವಶವಾಯಿತು.

ಪದಗಳನ್ನು ಬಿಡಿಸಿ ನೋಡುವ ಅಭ್ಯಾಸವೂ ಒಳ್ಳೆಯದೇ. ‘ಹಾರ’ಕ್ಕೆ ಉಪಸರ್ಗ ಸೇರಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಆಗುವುದನ್ನು ಶಾಲೆಯಲ್ಲಿ ಕಲಿತವರಿಗೆ ಇನ್‌ಸ್ಪೆಕ್ಟ್, ರೆಸ್ಪೆಕ್ಟ್, ಸಸ್ಪೆಕ್ಟ್, ಪ್ರಾಸ್ಪೆಕ್ಟ್‌ಗಳಲ್ಲಿ ‘ನೋಡು’ ಎಂಬ ಲ್ಯಾಟಿನ್ ಬೇರು ಕಂಡಾಗ ಖುಷಿಯಾಗುತ್ತದೆ. ಆದರೆ ಬೇರನ್ನು ನಂಬಿ ಅರ್ಥ ಊಹಿಸುವುದು ಅಪಾಯ. ‘ಇನ್‌’ ಎಂದರೆ ಅಲ್ಲ ಎಂದು ನಂಬಿ ‘ಇನ್‌ಫ್ಲೇಮಬಲ್’ಗೆ ಬೆಂಕಿ ಹತ್ತದ್ದು ಎಂದು ಬರೆದುಕೊಂಡಿದ್ದೆ. ಅದರ ಅರ್ಥ ಸುಲಭವಾಗಿ ಬೆಂಕಿ ಹತ್ತುವಂಥದ್ದು. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಬೇರು ಗೊತ್ತಿದ್ದರೆ ನೆನಪಿಗೆ ಒಂದು ಮೊಳೆ ಸಿಕ್ಕಂತೆ. ಅರ್ಥವನ್ನು ಮಾತ್ರ ವಾಕ್ಯದಿಂದಲೇ ಪಡೆಯಬೇಕು.

ಇಷ್ಟೆಲ್ಲ ಮಾಡಿದರೂ ಮರೆವು ಬಿಡಲಿಲ್ಲ. ಎರಡು ವಾರದ ಹಿಂದೆ ಪ್ರೀತಿಯಿಂದ ಬರೆದ ವಾಕ್ಯದ ಪದವೇ ನೆನಪಿಗೆ ಬಾರದಿದ್ದಾಗ ನಿಜಕ್ಕೂ ದುಃಖವಾಗುತ್ತಿತ್ತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ್ದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಹಾಗಾದರೆ ಮೊದಮೊದಲು ಬೇಗಬೇಗ, ಆಮೇಲೆ ತಡೆತಡೆದು ನೆನಪು ಮಾಡಿಕೊಳ್ಳಬೇಕು. ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತರು 1970ರ ದಶಕದಲ್ಲಿ ಹೇಳಿಕೊಟ್ಟ ಪೆಟ್ಟಿಗೆಯ ಉಪಾಯ ಹಿಡಿದೆ. ಐದು ಖಾನೆಗಳ ಪೆಟ್ಟಿಗೆ, ಒಳಗೆ ಚೀಟಿಗಳು. ನೆನಪಾದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ಮರೆತದ್ದು ಎಲ್ಲಿದ್ದರೂ ಮೊದಲ ಖಾನೆಗೆ ವಾಪಸ್. ಮೊದಲ ಖಾನೆ ದಿನಾ ನೋಡುತ್ತೇನೆ, ಕೊನೆಯದನ್ನು ತಿಂಗಳಿಗೊಮ್ಮೆ. ನನ್ನ ಚೀಟಿಯ ಮುಂಭಾಗದಲ್ಲಿ ಪದ ಇರುವುದಿಲ್ಲ, ಪದದ ಜಾಗ ಖಾಲಿ ಬಿಟ್ಟ ನನ್ನ ವಾಕ್ಯ ಇರುತ್ತದೆ. ಹಿಂಭಾಗದಲ್ಲಿ ಪದ, ಅದರ ಜೋಡಿಗಳು, ಸಾಧ್ಯವಾದರೆ ನನಗೆ ಹೊಳೆದ ಕನ್ನಡದ ಮಾತು. ನೋಡುವಾಗ ವಾಕ್ಯವನ್ನು ಗಟ್ಟಿಯಾಗಿ ಓದುತ್ತೇನೆ. ‘ರಿಸೀಟ್’ನಲ್ಲಿ ಬರೆದರೂ ಉಚ್ಚರಿಸದ ಒಂದು ಅಕ್ಷರ ಇದೆ ಎಂದು ಗೊತ್ತಾದದ್ದು ಹಾಗೆ ಓದುವಾಗ, ಅಕ್ಕನ ಮಗಳು ಕೇಳಿಸಿಕೊಂಡು ತಿದ್ದಿದ್ದರಿಂದ.

ಆರಂಭದಲ್ಲಿ ಇಲ್ಲಿಯೂ ದಿನಕ್ಕೆ ಇಪ್ಪತ್ತು ಚೀಟಿ ಸೇರಿಸಿದೆ. ಮೂರನೇ ವಾರಕ್ಕೆ ಮೊದಲ ಖಾನೆ ಉಬ್ಬಿ ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ, ನನಗೂ ಅದರ ಹತ್ತಿರ ಹೋಗಲು ಮನಸ್ಸು ಬರಲಿಲ್ಲ. ಹತ್ತು ದಿನ ಹಾಗೇ ಬಿಟ್ಟೆ. ಆಮೇಲೆ ಎಲ್ಲ ತೆಗೆದು, ದಿನಕ್ಕೆ ಐದೇ ಹೊಸ ಪದ ಎಂದು ಮತ್ತೆ ಶುರುಮಾಡಿದೆ. ಅದು ನಿಂತಿತು. ಇನ್ನೊಂದು ತಪ್ಪನ್ನು ತಿದ್ದಲು ಹೆಚ್ಚು ಕಾಲ ಹಿಡಿಯಿತು. ಅಡಾಪ್ಟ್ (adapt) ಮತ್ತು ಅಡಾಪ್ಟ್ (adopt), ಅಂದರೆ ಒಗ್ಗಿಕೊಳ್ಳುವುದು ಮತ್ತು ದತ್ತು ತೆಗೆದುಕೊಳ್ಳುವುದು, ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುವಷ್ಟು ಹತ್ತಿರದ ಪದಗಳು. ಒಟ್ಟಿಗೆ ಕಲಿತರೆ ಹೋಲಿಸಿ ನೆನಪಿಡಬಹುದು ಎಂದು ಒಂದೇ ದಿನ ಕಲಿತೆ. ಒಂದು ನೆನಪಾದಾಗಲೆಲ್ಲ ಇನ್ನೊಂದು ಅಡ್ಡ ಬಂತು, ತಿಂಗಳುಗಟ್ಟಲೆ. ಕೊನೆಗೆ ಒಂದರ ಚೀಟಿಯನ್ನು ಪೆಟ್ಟಿಗೆಯಿಂದಲೇ ತೆಗೆದಿಟ್ಟೆ. ಮೊದಲನೆಯದು ಕೊನೆಯ ಖಾನೆ ತಲುಪಿ ಗಟ್ಟಿಯಾದ ಮೇಲೆ ಎರಡನೆಯದನ್ನು ಒಳಗೆ ಬಿಟ್ಟೆ. ಈಗ ಹೋಲುವ ಪದಗಳ ನಡುವೆ ಕನಿಷ್ಠ ಒಂದು ತಿಂಗಳು ಅಂತರ ಇಡುತ್ತೇನೆ.

ಐದನೇ ವರ್ಷ ಇದು. ಪೆಟ್ಟಿಗೆಗಳು ಎರಡಾಗಿವೆ. ಕೊನೆಯ ಖಾನೆ ದಾಟಿ ಹೊರಬಂದ ಚೀಟಿಗಳನ್ನು ದಾರ ಕಟ್ಟಿ ಬೇರೆ ಇಟ್ಟಿದ್ದೇನೆ. ಮೊನ್ನೆ ಎಣಿಸಿದಾಗ ಸಾವಿರದ ನಾನೂರು ದಾಟಿತ್ತು. ಹೋದ ತಿಂಗಳು ಅದೇ ಮೇಲಧಿಕಾರಿಗೆ ಒಂದು ಉದ್ದದ ಟಿಪ್ಪಣಿ ಬರೆಯುವಾಗ ‘ರಿಲಕ್ಟಂಟ್’ ತಾನಾಗಿ ಬಂದು ಕೂತಿತು. ಬರೆದು ಎರಡು ಸಾಲು ಮುಂದೆ ಹೋದ ಮೇಲೆ ಗಮನಿಸಿದೆ. ಕೈ ನಿಲ್ಲಿಸಿ ಆ ಪದವನ್ನು ಸ್ವಲ್ಪ ಹೊತ್ತು ನೋಡಿದೆ.

ಈ ವಾರದ ಪದಗಳಲ್ಲೊಂದು ‘ಲಿಂಗರ್’. ಹೋಗಬೇಕಾದದ್ದು ಹೋಗದೆ ಉಳಿದುಕೊಳ್ಳುವುದು: ವಾಸನೆ, ನೆನಪು, ಅನುಮಾನ, ವಿದಾಯ ಹೇಳಿಯೂ ಬಾಗಿಲಲ್ಲೇ ನಿಂತ ಅತಿಥಿ. ಮಳೆ ನಿಂತ ಮೇಲೂ ಒದ್ದೆ ಮಣ್ಣಿನ ವಾಸನೆ ರಾತ್ರಿಯವರೆಗೆ ಕೋಣೆಯಲ್ಲಿತ್ತು ಎಂದು ವಾಕ್ಯ ಕಟ್ಟಿ, ಪದದ ಜಾಗ ಖಾಲಿ ಬಿಟ್ಟು ಅಕ್ಕನ ಮಗಳಿಗೆ ಕಳಿಸಿದೆ. ಈಗ ಅವಳೂ ಕೆಲಸದಲ್ಲಿದ್ದಾಳೆ, ಆದರೂ ಉತ್ತರ ತಪ್ಪಿಸುವುದಿಲ್ಲ.

“ರಿಮೇನ್ಡ್?” ಎಂದು ಬರೆದಳು. ಒಂದು ನಿಮಿಷ ಬಿಟ್ಟು, “ಸ್ಟೇಯ್ಡ್ ಕೂಡ ಆಗತ್ತೆ ಮಾಮ” ಎಂದಳು.

ವಾಕ್ಯ ಇನ್ನೂ ಸಾಲದು. ಚೀಟಿ ಹರಿದು, ಹೊಸದೊಂದನ್ನು ತೆಗೆದುಕೊಂಡು, ಬಾಗಿಲಲ್ಲಿ ನಿಂತ ಅತಿಥಿಯಿಂದ ಮತ್ತೆ ಶುರುಮಾಡಿದ್ದೇನೆ.